ಕ್ರಾಂತಿಯ ನಡುವೆ ಒಂದು ಬೈಗುಳ

ಗುರುವಾರ, ಮಾರ್ಚ್ ೧೪

ಇವತ್ತಿನ ದೃಶ್ಯ ಇನ್ನೂ ತಲೆಯಿಂದ ಹೋಗುತ್ತಿಲ್ಲ. ಮೊದಲ ಸಿನಿಮಾದಲ್ಲಿ ನನ್ನ ಜೊತೆ ಕಾಲಯಂತ್ರ ಹತ್ತಿದವಳು ನನ್ನ ಹೆಂಡತಿಯೇ. ಅವಳು ತೀರಿಕೊಂಡು ವರ್ಷವಾಯಿತು. ಈಗ ಎರಡನೆಯ ಭಾಗದ ಚಿತ್ರೀಕರಣ. ಯಂತ್ರ ನಮ್ಮನ್ನು ಹಳೆಯ ಕಾಲದ ಕ್ರಾಂತಿಯೊಂದರ ನಡುವೆ ತಂದು ಹಾಕುತ್ತದೆ. ಅವಳ ಪಾತ್ರಕ್ಕೆ ಹೊಸ ಹುಡುಗಿ ಬಂದಿದ್ದಾಳೆ.

ಶಾಟಿಗೆ ಮುಂಚೆ ಆ ಹುಡುಗಿ ಮೆಲ್ಲಗೆ ಕೇಳಿದಳು, "ಅಣ್ಣಾ, ಅಕ್ಕ ಇದ್ದಿದ್ರೆ ಇಲ್ಲಿ ನಿಮ್ಮನ್ನ ಹೇಗೆ ಬೈತಿದ್ರು?" ಸೊಂಟಕ್ಕೆ ಕೈಯಿಟ್ಟು, ಕೊನೆಯ 'ರೀ'ಯನ್ನು ಎಳೆದು ಬೈದು ತೋರಿಸಿದೆ.

ಕ್ಯಾಮೆರಾ ಓಡಿತು. ಬಂಡೆದ್ದ ಜನ ಅರಮನೆಯ ಬಾಗಿಲು ಮುರಿಯುತ್ತಿದ್ದರು. ಅಂಗಳದಲ್ಲಿ ಫಿರಂಗಿ ಗಾಡಿಯ ಕೆಳಗೆ ನಾನು ಅವಿತಿದ್ದೆ. ಹುಡುಗಿ ಬಗ್ಗಿ, "ರಾಜ್ಯವೇ ಮುಳುಗ್ತಾ ಇದೆ, ನಿಮಗಿನ್ನೂ ಚಪ್ಪಲಿ ಸಿಕ್ಕಿಲ್ವಾ ರೀ?" ಎಂದಳು. ಅದೇ ಎಳೆತ. ಚಿತ್ರಕಥೆಯಂತೆ ಕಿರುಚಿ ಓಡಬೇಕಾಗಿದ್ದವನು ಎಲ್ಲ ಮರೆತು, "ಬಂದೆ ಕಣೇ, ಸ್ವಲ್ಪ ತಾಳು" ಎಂದುಬಿಟ್ಟೆ.

ಬಂಡಾಯಗಾರರೆಲ್ಲ ಕೋವಿ ಕೆಳಗಿಟ್ಟು ನಕ್ಕರು. ನಮ್ಮ ಮದುವೆಗೆ ಬಂದಿದ್ದ ನಿರ್ದೇಶಕ ನಗಲಿಲ್ಲ. "ಈ ಮಾತೇ ಇರ್ಲಿ. ಮೋಡ ಅಡ್ಡ ಬಂತು, ನಾಳೆ ಇನ್ನೊಂದು ಸಲ ತೆಗೆಯೋಣ" ಎಂದ.

ವರ್ಷದಿಂದ ಎಲ್ಲರೂ ನನ್ನನ್ನು ಎಷ್ಟು ಮರ್ಯಾದೆಯಿಂದ ಮಾತಾಡಿಸುತ್ತಿದ್ದಾರೆ! ಬೈಸಿಕೊಳ್ಳದೆ ಎಷ್ಟು ಒಣಗಿದ್ದೆನೋ ಇವತ್ತು ಗೊತ್ತಾಯಿತು. ನಾಳೆಯೂ ಮೋಡ ಕವಿದರೆ, ನಾಡಿದ್ದು ಮತ್ತೆ…