ತುಂಬಿಟ್ಟ ಬ್ಯಾಗು ಬಿಚ್ಚಿ

ಏನ್ರೀ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಅದಕ್ಕೂ ಮೊದಲು ಮಂಚದ ಕೆಳಗೆ ತುಂಬಿಟ್ಟಿರುವ ಬ್ಯಾಗು ಬಿಚ್ಚಿ. ನನ್ನ ಕಣ್ಣಿಗೆ ಬೀಳುವುದಿಲ್ಲ ಅಂದುಕೊಂಡಿರಾ? ಹಡಗು ನಿಲ್ಲುವ ಮುಂದಿನ ಬಂದರಿಗೆ ಹೋಗಿ ಮಗಳನ್ನು ಕರೆತರುವ ಅಗತ್ಯವಿಲ್ಲ.

ನೀವು ಕೆಲಸಕ್ಕೆ ಹೋದ ಮೇಲೆ ಬಂದರಿಂದ ಬಂದರಿಗೆ ಸುತ್ತುತ್ತಲೇ ಪಾಠ ಹೇಳುವ ಆ ಹಡಗಿನ ಕಾಲೇಜಿನಿಂದ ಫೋನ್ ಮಾಡಿದ್ದಳು. ವಾಂತಿ ನಿಂತಿದೆ, ಹೊಟ್ಟೆತುಂಬ ಉಣ್ಣುತ್ತಿದ್ದಾಳೆ. ಮೊದಲ ದಿನ ಹಡಗು ವಾಲಿದಾಗ ಇವಳು ತೆರೆದೇ ಬಿಟ್ಟಿದ್ದ ಬೀರುವಿನಿಂದ ಬಟ್ಟೆ, ಪುಸ್ತಕ, ಶೂ ಎಲ್ಲ ಜೊತೆಯ ಹುಡುಗಿಯ ಮೈಮೇಲೆ ಬಿದ್ದವಂತೆ. ಈಗ ಪಾಠಕ್ಕೆ ಹೊರಡುವ ಮುನ್ನ "ಬೀರು ಚಿಲಕ ಹಾಕಿದ್ಯಾ?" ಎಂದು ಆ ಹುಡುಗಿಯನ್ನೇ ಗದರುತ್ತಾಳಂತೆ. "ಅಮ್ಮಾ, ಥೇಟ್ ನಿನ್ನ ಥರಾನೇ ಆಡ್ತಿದೀನಿ" ಅಂತ ನಕ್ಕಳು. ಇಷ್ಟು ವರ್ಷ ನಾನು ಬಾಯಿ ಬಡಿದುಕೊಂಡದ್ದನ್ನು ಸಮುದ್ರ ಒಂದೇ ದಿನದಲ್ಲಿ ಕಲಿಸಿಬಿಟ್ಟಿತು.

ಸಂಜೆ ನಿಮಗೆ ಫೋನ್ ಮಾಡುತ್ತಾಳೆ. ಅಳುಮೋರೆ ಹಾಕಿಕೊಂಡು ಕೂರಬೇಡಿ. "ಊಟಕ್ಕೇನು ಕೊಡ್ತಾರೆ?" ಎಂದು ನೂರು ಸಲ ಕೇಳಬೇಡಿ.

ಅವಳ ಕೋಣೆ ಗುಡಿಸಿ ಒರೆಸಿದ್ದೇನೆ. ಬೀರುವಿನ ಬಾಗಿಲು ಮಾತ್ರ ಅವಳು ಬಿಟ್ಟುಹೋದ ಹಾಗೇ ಹಾರುಹೊಡೆದಿದೆ.

ಮುಚ್ಚೀರಿ, ಜೋಕೆ.