ಕೇಳಪ್ಪಜ್ಜನ ಬೈಗುಳ

೧೨ ಜುಲೈ ೧೯೭೧, ಸೋಮವಾರ. ಪೆರಿಕಲ್ಲೂರು.

ಹೊಟ್ಟೆಯುರಿ ಇನ್ನೂ ಆರಿಲ್ಲ. ಇಂದು ಪನಮರಂ ಪೇಟೆಯಲ್ಲಿ ಎಲ್ಲರೆದುರು, ಐವತ್ತು ದಾಟಿದ ಮೆಣಸಿನ ವ್ಯಾಪಾರಿ ದೇವಣ್ಣನಿಗೆ ಅವನಪ್ಪ ಕೇಳಪ್ಪಜ್ಜ ತಮ್ಮ ಅಂಗಡಿಯಿಂದಲೇ ಬೈದರು.

“ಎಡಾ, ಈ ಮಳೆಗೆ ಕೊಡೆ ಇಲ್ದೆ ಬಂದ್ಯಾ? ನಿಂಗೆ ಬುದ್ಧಿ ಬರೋದು ಯಾವಾಗ?”

“ಸಾಕಪ್ಪ, ಜನ ನೋಡ್ತಾರೆ,” ಎಂದು ದೇವಣ್ಣ ಮುಖ ಗಂಟಿಕ್ಕಿದ. ಕೃತಘ್ನ!

ದೇಶದಲ್ಲಿ ಅಕಾಲ ಮರಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೆಂದು ಪತ್ರಿಕೆ ಬರೆದಿದೆ. ಅದು ಇಳಿಯುವ ಮೊದಲೇ ನಮ್ಮಪ್ಪ ಮಲೇರಿಯಾದಲ್ಲಿ ಹೋದರು, ನಲವತ್ತು ತುಂಬಿರಲಿಲ್ಲ. ಈಗ ನಾನು ಅವರಿಗಿಂತ ದೊಡ್ಡವನು. ಅವರ ಪಾಲಿನ ವರ್ಷಗಳನ್ನೆಲ್ಲ ಕೇಳಪ್ಪಜ್ಜನೇ ಬಾಚಿಕೊಂಡಿರಬೇಕು. ಜಮೀನಿಗೆ ಮಿತಿ ಹಾಕಿದ ಸರ್ಕಾರ ಆಯಸ್ಸಿಗೂ ಹಾಕಲಿ, ಹೆಚ್ಚುವರಿಯನ್ನು ಹಂಚಲಿ ಎಂದು ಅದೇ ಪತ್ರಿಕೆಯ ನನ್ನ ಅಂಕಣದಲ್ಲಿ ಬರೆಯಲು ಹೊರಟೆ. ನಕ್ಸಲರಿಗೂ ಹೊಳೆಯದ ಬೇಡಿಕೆ! ಗದ್ದೆ ಕೆಲಸದ ಆದಿವಾಸಿ ಬೈರನಿಗೆ ಹೇಳಿದರೆ ಅವನು ನಕ್ಕ.

“ಭೂಮಿನೇ ಕೊಟ್ಟಿಲ್ಲ ಸಾಮಿ, ಆಯಸ್ಸು ಕೊಟ್ಟಾರಾ? ನಮ್ಮ ಹಾಡೀಲಿ ತಲೆ ನರೆತವರೇ ಇಲ್ಲ.”

ಅಂಕಣ ಅಲ್ಲಿಗೇ ನಿಂತಿತು. ಹೊಟ್ಟೆಕಿಚ್ಚು ನಿಲ್ಲಲಿಲ್ಲ. ನಾಳೆಯೂ ಮಳೆ ಬಿಡುವ ಲಕ್ಷಣವಿಲ್ಲ. ಕೊಡೆಯನ್ನು ಮನೆಯಲ್ಲೇ ಬಿಟ್ಟು ಕೇಳಪ್ಪಜ್ಜನ ಅಂಗಡಿಯ ಮುಂದೆ ಹಾದುಹೋಗುತ್ತೇನೆ. ಅವರು ನನ್ನನ್ನು ಕಂಡು, ಮಗನಿಗೆಂದಂತೆ ಎಡಾ ಎಂದು ಒಮ್ಮೆ ಬೈದರೆ…