ಗದಗದಿಂದ ಲಿಮಾಕ್ಕೆ ಹೆಪ್ಪು ಹಾಕಿದ ಹಾಲು

ಗದಗ, ೨೩೧೮ನೆಯ ಇಸವಿ, ಫೆಬ್ರವರಿ ಮೂವತ್ತು

ಮನೆತನದ ಹಿರಿಯರಾದ ಬಸಲಿಂಗವ್ವನವರಿಗೆ ನಿಮ್ಮ ಹನ್ನೆರಡನೆಯ ತಲೆಮಾರಿನ ನೀಲವ್ವಳ ಶರಣಾರ್ಥಿಗಳು. ತಾರೀಖು ತಪ್ಪಿಲ್ಲ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದು ದಿನ ಊರಿಗೆಲ್ಲ ರಜೆ. ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ಒಂದೇ ಹಾಳೆಗೆ ಅವಕಾಶ. ಆದ್ದರಿಂದ ವಿಷಯಕ್ಕೆ ಬರುತ್ತೇನೆ.

ನೀವು ಹಾಕಿದ ನಿಯಮವನ್ನು ನಾವು ಇಂದಿಗೂ ಮುರಿದಿಲ್ಲ. ಒಂದು ಲೀಟರ್ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮನೆ ಬಿಟ್ಟರೆ, ಹಾಲು ಮೊಸರಾಗುವುದರೊಳಗೆ ಮುಟ್ಟುವ ಊರಿಗೇ ಮಗಳನ್ನು ಕೊಡಬೇಕು. ಮಗಳು ಜ್ವರದಿಂದ ಮಲಗಿದರೆ ತಾಯಿ ಅಷ್ಟರೊಳಗೆ ಅವಳ ಹಾಸಿಗೆಯ ಹತ್ತಿರ ಇರಬೇಕೆಂಬುದು ನಿಮ್ಮ ಉದ್ದೇಶ.

ಈ ವರ್ಷ ನನ್ನ ಮೊಮ್ಮಗಳು ಸಾವಂತ್ರಿ ಲಿಮಾ ನಗರದ ಎದ್ಗಾರ್ ಎಂಬ ಹುಡುಗನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಳು. ಲಿಮಾ ಇರುವುದು ಪೆರು ದೇಶದಲ್ಲಿ, ಆಕಾಶಮಾರ್ಗದಲ್ಲಿ ಹದಿನೇಳು ಸಾವಿರ ಕಿಲೋಮೀಟರ್. ನಿಮ್ಮ ಕಾಲದ ವಿಮಾನಗಳಿಗೆ ಒಂದು ದಿನಕ್ಕೂ ಹೆಚ್ಚು ಬೇಕಿತ್ತಂತೆ. ನಮ್ಮಲ್ಲಿ ನೆಗೆಬಂಡಿ ಇದೆ. ಅದು ಮೋಡದಾಚೆಗೆ ನೆಗೆದು ಭೂಮಿಯ ಆ ಮಗ್ಗುಲಿಗೆ ಇಳಿಯುತ್ತದೆ. ಹಾರಾಟ ಐವತ್ತು ನಿಮಿಷ. ಸಾವಂತ್ರಿ ಆ ಐವತ್ತನ್ನೇ ಹೇಳುತ್ತಿದ್ದಳು. ಹತ್ತುವ ಮುನ್ನ ಎರಡು ತಾಸು ಸರತಿಯಲ್ಲಿ ನಿಲ್ಲಬೇಕು, ಇಳಿದ ಮೇಲೆ ಎರಡು ತಾಸು ಕಿವಿಮನೆಯಲ್ಲಿ ಕೂರಬೇಕು ಎಂಬುದನ್ನು ಹೇಳುತ್ತಿರಲಿಲ್ಲ. ನೆಗೆತಕ್ಕೆ ಕಟ್ಟಿಕೊಂಡ ಕಿವಿ ಬಿಡುವ ತನಕ ಪ್ರಯಾಣಿಕರನ್ನು ಕೂರಿಸುವ ಕೋಣೆಯೇ ಕಿವಿಮನೆ. ಅಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದರಿಂದ ಯಾರ ಮನೆಯ ಗುಟ್ಟೂ ಉಳಿಯುವುದಿಲ್ಲ.

ನಿಯಮದಂತೆ ಹಾಲಿಗೆ ಹೆಪ್ಪು ಹಾಕಿ, ಆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳನ್ನೂ ಕರೆದುಕೊಂಡು ಹೊರಟೆ. ಲಿಮಾದ ಕಿವಿಮನೆಯಲ್ಲಿ ಮುಚ್ಚಳ ತೆಗೆದರೆ ಮೊಸರು ಗಟ್ಟಿಯಾಗಿತ್ತು.

"ಮುಗೀತಿಲ್ಲೋ, ಮನೀಗೆ ನಡಿ," ಎಂದೆ.

"ಆಯಿ, ನೀ ಎರಡ ಚಮಚಾ ಹೆಪ್ಪ ಹಾಕಿದ್ದ ನಾ ನೋಡೀನಿ," ಎಂದು ಸಾವಂತ್ರಿ ಕಿರುಚಿದಳು.

"ಮೆಲ್ಲಕ ಮಾತಾಡವಾ, ಮಂದಿ ಕೇಳ್ತಾರ."

"ಕೇಳ್ಲಿ. ಅದಕ್ಕ ಇಲ್ಲೀತನಕಾ ಸುಮ್ನಿದ್ದೆ."

ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಗದಗದವರು. ಒಬ್ಬ ಮುದುಕ ಬೇರೆ, "ಭಾಳ ಕಟ್ಟುನಿಟ್ಟಿನ ಮನೆತನ ಅಂತ ಕೇಳಿದ್ವಿ, ಯಕ್ಕಾ," ಎಂದ.

ಎರಡು ಚಮಚ ಹಾಕಿದ್ದು ನಿಜ. ಅವಳು ಅಷ್ಟು ದೂರ ಹೋಗುವುದು ನನಗೆ ಬೇಕಿರಲಿಲ್ಲ. ಮೂರು ದಿನ ಎದ್ಗಾರನ ತಾಯಿಯ ಕೈಯಡುಗೆ ಉಂಡೆ. ಉಪ್ಪು ಸ್ವಲ್ಪ ಕಡಿಮೆ, ಮನಸ್ಸು ಒಳ್ಳೆಯದು. ಮರಳುವಾಗ ಸಾವಂತ್ರಿಯ ಕೈಯಿಂದಲೇ ಒಂದು ಚಮಚ ಹಾಕಿಸಿದೆ. ಆರು ತಾಸಿನ ನಂತರ ನಮ್ಮ ಪಡಸಾಲೆಯಲ್ಲಿ ಗಡಿಗೆ ಓರೆ ಮಾಡಿದರೆ ಹಾಲು ಹಾಲಾಗಿಯೇ ಹರಿಯಿತು. ಯುಗಾದಿಯ ಮಾರನೆಯ ದಿನ ಮದುವೆ.

ಇನ್ನು ನಿಮ್ಮ ವಿಷಯ. ಮಗಳನ್ನು ಪಕ್ಕದ ಓಣಿಗೇ ಕೊಟ್ಟ ನೀವು, ಸೀರೆಯ ಬಣ್ಣದ ಮಾತಿಗೆ ಮುನಿಸಿಕೊಂಡು ಹನ್ನೊಂದು ವರ್ಷ ಅವಳ ಹೊಸ್ತಿಲು ತುಳಿಯಲಿಲ್ಲವೆಂಬ ಸುದ್ದಿ ನಮ್ಮ ತನಕ ಬಂದಿದೆ. ಈ ಕಾಗದ ಮುಟ್ಟುವಾಗ ಆ ಮುನಿಸಿಗೆ ಇನ್ನೂ ಎರಡೇ ತಿಂಗಳು. ಓಣಿ ದಾಟಲು ನಾಲ್ಕು ನಿಮಿಷ ಸಾಕು. ಚಪ್ಪಲಿ ಮೆಟ್ಟಿಕೊಳ್ಳಿ.